ಎರಡನೇ ಕರೆ ಬರಲಿಲ್ಲ

ಬೆಳಗಿನ ಐದೂ ನಲವತ್ತು. ಶಹಾಪುರದ ಗುಡ್ಡದ ಬುಡದಲ್ಲಿ, ರಾತ್ರಿಯ ತಂಪು ಇನ್ನೂ ಬಿಡದ ಹಾಸುಬಂಡೆಯೊಂದರ ಮೇಲೆ ಪಂಚಶೀಲಾ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಎದುರಿಗೆ ಒಂದು ಪ್ಲಾಸ್ಟಿಕ್ ಊಟದ ಡಬ್ಬಿ. ಅದರ ಮುಚ್ಚಳಕ್ಕೆ ತೂತು ಕೊರೆದು ಗೇಣುದ್ದದ ಆಂಟೆನಾ ಸಿಕ್ಕಿಸಿದ್ದಾರೆ. ಒಳಗೆ ರೊಟ್ಟಿ ಪಲ್ಯ ಇಲ್ಲ. ಅಂಗೈಯಗಲದ ಹಸಿರು ಸರ್ಕೀಟು, ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಬ್ಯಾಟರಿ, ಒಂದು ಕೆಂಪು ದೀಪ, ಪೀ ಎಂದು ಕೂಗುವ ಒಂದು ಪುಟ್ಟ ಬಿಲ್ಲೆ. ಇದರ ಜೋಡಿ ಡಬ್ಬಿಯನ್ನು ಹೊತ್ತು ದೇವಾಪುರದ ಅಂಜನಾ ಎಂಬ ಹೆಣ್ಣುಮಗಳು ಆಗಲೇ ಗುಡ್ಡ ಹತ್ತಿ ಆಚೆ ಬದಿಗೆ ಇಳಿದಿದ್ದಾರೆ. ಆಕೆ ಕೂರುವುದು ದಿನಾ ಒಂದೇ ಬಂಡೆಯ ಕೆಳಗೆ. ಅದೇ ಬಂಡೆ ಯಾಕೆ ಎನ್ನುವುದು ಮುಂದೆ ಬರುತ್ತದೆ.

ಆರು ಗಂಟೆ ಆಗುತ್ತಲೇ ಕೆಂಪು ದೀಪ ಹೊತ್ತಿ ಡಬ್ಬಿ ಪೀ ಎನ್ನುತ್ತದೆ. ಪಂಚಶೀಲಾ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ನಿಮಿಷ ಬಿಟ್ಟು ಮತ್ತೆ ಪೀ, ಮತ್ತೊಂದು ಗೆರೆ. ಆಚೆ ಬದಿಯಲ್ಲಿ ಅಂಜನಾ ನಿಮಿಷಕ್ಕೊಮ್ಮೆ ಗುಂಡಿ ಒತ್ತುತ್ತಿದ್ದಾರೆ. ಪ್ರತಿ ಕರೆಗೂ ಒಂದೇ ಸಲ. ಎರಡನೇ ಸಲ ಒತ್ತಕೂಡದು ಎನ್ನುವುದು ಇಲ್ಲಿನ ಕಟ್ಟಪ್ಪಣೆ. ಅವರ ಡಬ್ಬಿಯ ಬ್ಯಾಟರಿಯನ್ನು ಹಿಂದಿನ ದಿನವೇ ಬೇಕೆಂದು ಹಿಂಡಿ, ಇನ್ನೇನು ಜೀವ ಹೋಗುತ್ತದೆ ಎನ್ನುವಷ್ಟಕ್ಕೆ ತಂದು ಇಟ್ಟಿರುತ್ತಾರೆ. ದಿನಕ್ಕೆ ನಲವತ್ತು ಕರೆ, ಇವತ್ತು ಎಂಬತ್ತನೇ ದಿನ. ಶುರುವಿನ ವಾರಗಳಲ್ಲಿ ಅರವತ್ತೊಂದು ಕರೆ ದಾರಿಯಲ್ಲೇ ಬಿದ್ದುಹೋಗಿದ್ದವು. ಕಳೆದ ಇಪ್ಪತ್ತಾರು ದಿನದಲ್ಲಿ ಒಂದೂ ಬಿದ್ದಿಲ್ಲ.

"ಇವತ್ತ ಸಂಜಿ ಐದಕ್ಕ ಬೀಗ ರೀ," ಎನ್ನುತ್ತಾರೆ ಪಂಚಶೀಲಾ, ಕಣ್ಣು ದೀಪದ ಮೇಲಿಟ್ಟೇ. "ಅಷ್ಟರಾಗ ಅವರು ಹೂಂ ಅಂದ್ರ ಆತು. ಇಲ್ಲಂದ್ರ ಇಲ್ಲ."

ಬೀಗ ಅಂದರೆ ಬಾಗಿಲಿಗೆ ಹಾಕುವುದಲ್ಲ. ಸೈನಿಕರು ಬೆನ್ನಿಗೆ ಹೊತ್ತು ನಡೆಯುವ ಒಂದು ಬಗೆಯ ವೈರ್‌ಲೆಸ್ ಸೆಟ್ಟಿಗೆ ಪಂಚಶೀಲಾ ದುಡಿಯುವ ಖಾಸಗಿ ಕಂಪನಿ ಐದು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದೆ. ಇವತ್ತು ಸಂಜೆ ಐದರ ನಂತರ ಅದರಲ್ಲಿ ಒಂದು ಅಕ್ಷರವನ್ನೂ ಯಾರೂ ತಿದ್ದುವಂತಿಲ್ಲ. ಹೇಗಿದೆಯೋ ಹಾಗೇ ಸಾವಿರಾರು ಸೆಟ್ಟುಗಳೊಳಗೆ ಇಳಿದು ಸೈನಿಕರ ಬೆನ್ನೇರುತ್ತದೆ. ಅದಕ್ಕೆ ಮೊದಲು ತಾವು ಬರೆದ ಹನ್ನೆರಡು ಸಾಲು ಅದರಲ್ಲಿ ಸೇರಬೇಕು ಎನ್ನುವುದೊಂದೇ ಈ ಮೂವತ್ತೆಂಟರ ಹೆಣ್ಣುಮಗಳ ಹಟ. ಇದಕ್ಕಾಗಿ ಆಕೆ ಕಂಪನಿಗೆ ಹನ್ನೊಂದು ಪತ್ರ ಬರೆದಿದ್ದಾರೆ. ಉತ್ತರ ಬಂದಿಲ್ಲ.

ಕಂಪನಿಯ ಹೆಸರು, ಸೆಟ್ಟಿನ ಹೆಸರು ಇಲ್ಲಿ ಬರೆಯುವಂತಿಲ್ಲ. ಪಂಚಶೀಲಾ ಹೆಸರನ್ನು ಮಾತ್ರ ಧಾರಾಳವಾಗಿ ಬರೆಯಬಹುದು, ಏಕೆಂದರೆ ಅದನ್ನು ಇಲ್ಲಿಯವರೆಗೆ ಯಾರೂ ಮುಚ್ಚಿಡುವಷ್ಟು ದೊಡ್ಡದೆಂದು ತಿಳಿದಿಲ್ಲ.

ಊರು ಶಹಾಪುರ ತಾಲ್ಲೂಕಿನ ಶಿರವಾಳ. ತಂದೆ ಅಂಬ್ರಪ್ಪ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಮಗಳು ಯಾದಗಿರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಸುರಪುರದ ಚಾಂದಪಾಶಾ ಅವರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮೂರು ವರ್ಷ ಬೆಸುಗೆ ಹಿಡಿದರು. ಹನ್ನೊಂದು ವರ್ಷದ ಹಿಂದೆ ಈ ಕಂಪನಿ ಶಹಾಪುರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯಿತು. ವೈರ್‌ಲೆಸ್ ಸೆಟ್ಟುಗಳನ್ನು ಸತಾಯಿಸಿ ನೋಡಲು ಕಲ್ಲುಗುಡ್ಡ ಬೇಕು, ಸುಡುಬಿಸಿಲು ಬೇಕು. ನಮ್ಮಲ್ಲಿ ಎರಡೂ ಪುಕ್ಕಟೆ. ಗುಡ್ಡ ಹತ್ತಲು ಆಳು ಬೇಕಾಯಿತು, ಪಂಚಶೀಲಾ ಸೇರಿಕೊಂಡರು. ಒಂಬತ್ತು ಕಿಲೋ ತೂಕದ ಸೆಟ್ಟು ಬೆನ್ನಿಗೆ, ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡಿಗೆ, ಅರ್ಧ ತಾಸಿಗೊಮ್ಮೆ ನಿಂತು ಕರೆ ಮಾಡಿ ಬರೆದುಕೊಳ್ಳುವುದು. ಹೆಂಗಸು ಗಂಡಸರ ಪ್ಯಾಂಟು ತೊಟ್ಟು ಗುಡ್ಡ ಅಲೆಯುತ್ತಾಳೆ ಎಂದು ಊರು ಆಡಿಕೊಂಡಿತು. ಬಾಡಿಗೆ ಮನೆ ಕೇಳಲು ಹೋದರೆ "ನಿಮ್ಮದು ಯಾವ ಮಂದಿ?" ಎಂಬ ಪ್ರಶ್ನೆ ಮೊದಲು, ಬಾಡಿಗೆಯ ಮಾತು ಆಮೇಲೆ. ಹೊಲಿಗೆ ಕೆಲಸದ ಶರೀಫಾಬೀ ಮಾತ್ರ ಏನೂ ಕೇಳದೆ ಹಿತ್ತಲ ಕೋಣೆಯ ಕೀಲಿ ಕೈಗಿಟ್ಟರು. ಈಗಲೂ ಅಲ್ಲೇ ವಾಸ.

ಸೆಟ್ಟು ಹೊರುತ್ತ ಹೊರುತ್ತ ಅದರೊಳಗಿನ ಕೋಡನ್ನು ಓದುವುದನ್ನೂ ಕಲಿತರು. ಯಾರೂ ಕಲಿಸಲಿಲ್ಲ. ಸೆಟ್ಟು ತಪ್ಪು ಮಾಡಿದಾಗಲೆಲ್ಲ ಕಂಪನಿಯ ಹೈದರಾಬಾದ್ ಕಚೇರಿಯ ಎಂಜಿನಿಯರುಗಳು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಆ ಸಾಲು ಹುಡುಕಿ, ಹೀಗಿದ್ದರೆ ಹೇಗೆ ಎಂದು ಹೇಳತೊಡಗಿದರು. ಹೇಳಿದ್ದು ಸರಿಹೋಗುತ್ತಿತ್ತು. ಸರಿಹೋದ ಮೇಲೆ ಅದು ಎಂಜಿನಿಯರುಗಳದ್ದಾಗುತ್ತಿತ್ತು.

ಸಾಫ್ಟ್‌ವೇರಿನವರು ಪ್ಯಾಟರ್ನ್ ಎಂಬ ಮಾತನ್ನು ಬಹಳ ಭಕ್ತಿಯಿಂದ ಆಡುತ್ತಾರೆ. ಹಾಗೆಂದರೇನು ಎಂದರೆ ಪಂಚಶೀಲಾ ಶರೀಫಾಬೀ ಅವರ ಗೋಡೆ ತೋರಿಸುತ್ತಾರೆ. "ಅಲ್ಲಿ ನೋಡ್ರಿ, ಪೇಪರ್ ಕತ್ತರಿಸಿ ಜಂಪರಿನ ಅಳತಿ ತೂಗ ಹಾಕ್ಯಾರಲ್ಲ. ಹೊಸಾದು ಹೊಲಿಯೂಮುಂದ ಪ್ರತಿ ಸಲ ತಲಿ ಕೆಡಿಸ್ಕೊಳ್ಳಂಗಿಲ್ಲ. ಅದನ್ನ ಅರಬಿ ಮ್ಯಾಲ ಇಟ್ಟು ಕತ್ತರಿ ಆಡಿಸ್ತಾರ. ಸೈಜು ಬ್ಯಾರೆ ಆದ್ರ ಅಂಚಿನಾಗ ಜರಾ ಬಿಡ್ತಾರ. ಪ್ಯಾಟರ್ನ್ ಅಂದ್ರ ಅಷ್ಟ ರೀ."

ಬೆನ್ನಿಗೆ ಹೊರುವ ಸೆಟ್ಟಿನ ಪ್ಯಾಟರ್ನ್ ಕೂಡ ಅಷ್ಟೇ ಸರಳ. ಸೆಟ್ಟಿಗೆ ಮೂರು ಸ್ಥಿತಿ: ಮಲಗಿರುವುದು, ಕಿವಿ ಕೊಟ್ಟಿರುವುದು, ಮಾತಾಡುವುದು. ಒಂದರಲ್ಲಿದ್ದಾಗ ಇನ್ನೊಂದರಲ್ಲಿ ಇರುವಂತಿಲ್ಲ. ಯಾರಾದರೂ ಕರೆದರೆ ಮಲಗಿದ ಸೆಟ್ಟು ಎದ್ದು, ಕೇಳಿ, ನಾನಿದ್ದೇನೆ ಎಂದು ಓಗೊಡುತ್ತದೆ. ತೊಡಕು ಬಂದದ್ದು ಇಲ್ಲೇ. ಶಹಾಪುರ ಸುರಪುರದ ಕಲ್ಲುಗುಡ್ಡಗಳಲ್ಲಿ ಯಾವುದೋ ಗದ್ದಲ ಬಂಡೆಗೆ ಬಡಿದು ಬಂದರೂ ಸೆಟ್ಟು ಅದನ್ನು ಕರೆ ಎಂದುಕೊಂಡು ಎದ್ದು ಓ ಎನ್ನುತ್ತಿತ್ತು. ದಿನಕ್ಕೆ ನೂರಾರು ಸಲ. ಬ್ಯಾಟರಿ ಹಗಲು ಮುಗಿಯುವುದರೊಳಗೆ ಖಾಲಿ. ಅದಕ್ಕಿಂತ ಕೆಟ್ಟದ್ದು, ಓ ಅಂದ ಸೆಟ್ಟು ತಾನಿರುವ ಜಾಗವನ್ನೂ ಬಿಟ್ಟುಕೊಟ್ಟಂತೆ. ಗಡಿಯಲ್ಲಿ ಹೊಂಚುಹಾಕಿ ಕುಳಿತವನಿಗೆ ಅಷ್ಟು ಸಾಕು. ಎಂಜಿನಿಯರುಗಳು ಎರಡು ವರ್ಷ ಇದಕ್ಕೆ ತಲೆ ಚಚ್ಚಿಕೊಂಡರು.

ಪಂಚಶೀಲಾಗೆ ನೆನಪಾದದ್ದು ಶಿರವಾಳದ ಮನೆ, ತಂದೆಯ ತಾಯಿ, ತಾವು ಆಯಿ ಎಂದು ಕರೆಯುತ್ತಿದ್ದ ಮರಿಲಿಂಗಮ್ಮ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಅಜ್ಜಿ ಮೊಮ್ಮಗಳ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಕೆಟ್ಟದ್ದು ಒಂದೇ ಸಲ ಕರೆಯುತ್ತದೆ, ಮನುಷ್ಯರು ಎರಡನೇ ಸಲ ಕರೆಯುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ತೂಗಿಸಿದ್ದ ಅಂಬ್ರಪ್ಪನವರಿಗೆ ಇದು ಸುತರಾಂ ಆಗುತ್ತಿರಲಿಲ್ಲ. ಅಜ್ಜಿಗೆ ಕೇಳಲೆಂದೇ ಮೊದಲ ಕರೆಗೇ ಓಣಿಗೆಲ್ಲ ಕೇಳುವಂತೆ ಓ ಎನ್ನುತ್ತಿದ್ದರು.

"ಅಪ್ಪಾಗ ಹೇಳಿದ್ರ ಬೈತಿದ್ದರು, ಅದಕ್ಕ ಹೇಳಲಿಲ್ಲ," ಎಂದು ಪಂಚಶೀಲಾ ನಗುತ್ತಾರೆ. ಇಡೀ ಬೆಳಗಿನಲ್ಲಿ ಅವರು ನಕ್ಕದ್ದು ಇದೊಂದೇ ಸಲ. "ಆಯಿ ಮಾತು ಹಂಗ ಕೋಡಿನಾಗ ಇಳಿಸಿದೆ. ಸೆಟ್ಟಿಗೆ ನಾಕನೇ ಸ್ಥಿತಿ ಕೊಟ್ಟೆ. ಕೇಳಿದ್ರೂ ಸುಮ್ಮನಿರೋದು. ಮೊದಲನೇ ಕರಿಗೆ ಎಚ್ಚರಾಗಬೇಕು, ಓ ಅನಬಾರದು. ಇಪ್ಪತ್ತ ಸೆಕೆಂಡಿನಾಗ ಎರಡನೇ ಕರಿ ಬಂದ್ರ ಓ ಅನಬೇಕು. ಬರಲಿಲ್ಲಂದ್ರ ಮತ್ತ ಮಲಗಬೇಕು. ಗದ್ಲಾ ಎಲ್ಲಿ ಇಪ್ಪತ್ತ ಸೆಕೆಂಡಿನಾಗ ಬರೋಬರ್ ಎರಡು ಸಲ ಬರ್ತದ?"

ಒಂದು ಹಗಲು ಬಾರದ ಬ್ಯಾಟರಿ ಎರಡು ಹಗಲು ಬಂತು. ಕಂಪನಿಯವರು ಕುಣಿದಾಡಿದರು. ಆ ನಿಯಮಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿಟ್ಟರು, ದೊಡ್ಡ ಊರಿನ ದೊಡ್ಡ ಸಮ್ಮೇಳನದಲ್ಲಿ ಅದರ ಮೇಲೆ ಪ್ರಬಂಧ ಓದಿದರು, ಫಲಕ ತಂದರು. ಶಹಾಪುರದ ಕೋಣೆಯ ಗೋಡೆಯ ಮೇಲೂ ಆ ಫಲಕದ ಚಿತ್ರ ತೂಗುತ್ತದೆ. ಅದರಲ್ಲಿ ಮೂವರ ಹೆಸರಿದೆ. ಮೂವರಲ್ಲಿ ಇಬ್ಬರು ಶಹಾಪುರವನ್ನೇ ಕಂಡವರಲ್ಲ. ಪಂಚಶೀಲಾ ಹೆಸರು ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆ ದಿನ ಅವರ ಪರವಾಗಿ ಸಿಟ್ಟಾದವನು ಒಬ್ಬನೇ, ಜೊತೆಗೆ ಸೆಟ್ಟು ಹೊರುತ್ತಿದ್ದ ದೇವಾಪುರದ ಹಣಮೇಶ. ಸಿಟ್ಟು ಇಳಿದ ಮೇಲೆ ಚುಡಾಯಿಸಿದ: "ನಿಮ್ಮ ಹೆಸರು ಹೋದ್ರ ಹೋಗ್ಲಿ ಬಿಡ್ರಿ ಅಕ್ಕಾರ. ನಿಮ್ಮ ಆಯಿ ಮಿಲ್ಟ್ರಿ ಸೇರ್ಯಾಳ, ಅದ ಭಾಳ ಆತು."

ಹಣಮೇಶನಿಗೆ ಇಪ್ಪತ್ತೊಂಬತ್ತು ವರ್ಷ. ಮನೆಯಲ್ಲಿ ಅಪ್ಪ ಅಮಾತೆಪ್ಪ, ಅವ್ವ ಮಲ್ಲಾಬಾಯಿ, ಹೆಂಡತಿ ಅಂಜನಾ, ಆಗ ಒಂದು ವರ್ಷದ ಕೂಸು. ಗುಡ್ಡ ಹತ್ತುವುದರಲ್ಲಿ ಅವನ ಸರಿಸಾಟಿ ಇರಲಿಲ್ಲ. ದೂರದ ಬದಿ, ಕಷ್ಟದ ಬದಿ ಯಾವತ್ತೂ ಅವನ ಪಾಲಿಗೆ.

ಹೋದ ವರ್ಷದ ಮೇ ತಿಂಗಳು, ನಲವತ್ತನಾಲ್ಕು ಡಿಗ್ರಿ ಬಿಸಿಲಿನ ಒಂದು ದಿನ. ಐವರು ಸೆಟ್ಟು ಹೊತ್ತು ಗುಡ್ಡದ ಐದು ದಿಕ್ಕಿಗೆ ಹೋಗಿದ್ದರು. ಪಂಚಶೀಲಾ ಈ ಬುಡದಲ್ಲೇ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ಎಲ್ಲರ ಕರೆ ಕೇಳುವ ಮುಖ್ಯ ಸೆಟ್ಟನ್ನು ನೋಡಿಕೊಳ್ಳುತ್ತಿದ್ದರು. ಹನ್ನೆರಡೂವರೆಯಿಂದ ಎರಡರವರೆಗೆ ಊಟದ ಬಿಡುವು, ಆಗ ಪರೀಕ್ಷೆಯ ಕರೆಗಳಿರುವುದಿಲ್ಲ. ರೊಟ್ಟಿ ಬಿಚ್ಚಿ ತಿಂದರು. ಸೆಟ್ಟು ತೆಪ್ಪಗಿತ್ತು. ದೀಪ ಹೊತ್ತಲಿಲ್ಲ, ಸದ್ದೂ ಬರಲಿಲ್ಲ. ಎರಡು ಗಂಟೆಗೆ ನಾಲ್ವರು ಹಾಜರಿ ಕೊಟ್ಟರು, ಹಣಮೇಶ ಕೊಡಲಿಲ್ಲ. ಹುಡುಕಿಕೊಂಡು ಹೋದರೆ ಮೂರೂವರೆಗೆ ಆಚೆ ಬದಿಯ ಬಂಡೆಯ ಕೆಳಗೆ ಸಿಕ್ಕ. ಬೆನ್ನಿನ ಸೆಟ್ಟನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡಿದ್ದ. ನೀರಿನ ಕ್ಯಾನು ಖಾಲಿ. ಮೈ ಸುಡುತ್ತಿತ್ತು, ಉಸಿರು ಇರಲಿಲ್ಲ. ಒಂದೆರಡು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ದವಾಖಾನೆಯಲ್ಲಿ ಡಾಕ್ಟರು ಹೇಳಿದರು.

ಸಂಜೆ ಪಂಚಶೀಲಾ ಮುಖ್ಯ ಸೆಟ್ಟಿನ ಒಳದಾಖಲೆ ತೆರೆದರು. ಅದರಲ್ಲಿ ಒಂದು ಸಾಲು ಇತ್ತು. ಹನ್ನೆರಡು ನಲವತ್ತೊಂದಕ್ಕೆ ಒಂದು ಕರೆ. ಇಪ್ಪತ್ತು ಸೆಕೆಂಡು ಕಾಯಲಾಗಿದೆ. ಎರಡನೇ ಕರೆ ಬರಲಿಲ್ಲ. ಸೆಟ್ಟು ಮರಳಿ ಮಲಗಿದೆ.

"ಹನ್ನೆರಡು ನಲವತ್ತೊಂದಕ್ಕ ನಾ ರೊಟ್ಟಿ ತಿನ್ನಾಕತ್ತಿದ್ದೆ ರೀ," ಎನ್ನುತ್ತಾರೆ ಪಂಚಶೀಲಾ. ಕೈಯನ್ನು ಡಬ್ಬಿಯ ಕಡೆ ಚಾಚಿ ದೂರ ತೋರಿಸುತ್ತಾರೆ. "ಇಷ್ಟ ದೂರ ಇತ್ತು ಸೆಟ್ಟು. ಇಷ್ಟ. ಅಂವ ಕರದ. ಅದು ಕೇಳ್ತು. ಕೇಳಿ ಸುಮ್ಮಕಾತು. ಯಾಕಂದ್ರ ಸುಮ್ಮಕಾಗು ಅಂತ ನಾನ ಹೇಳಿ ಕೊಟ್ಟಿದ್ದೆ."

ಈ ತಪ್ಪು ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಹದಿನೆಂಟು ತಿಂಗಳಲ್ಲಿ ಹನ್ನೊಂದು ಸಾವಿರ ಕರೆ ಮಾಡಿ ನೋಡಿದ್ದರು. ಸೆಟ್ಟು ಹೊತ್ತವರೆಲ್ಲ ಶಹಾಪುರ, ಸುರಪುರದ ಹಳ್ಳಿಯವರು. ಓಣಿಯಲ್ಲಿ ನಿಂತು ಯಾರನ್ನಾದರೂ ಕರೆದರೆ ಎರಡು ಸಲ ಕರೆಯುವುದು ಇವರಿಗೆ ಹುಟ್ಟಿನಿಂದ ಬಂದದ್ದು. ಒಂದು ಸಲ ಕರೆದು ಸುಮ್ಮನಾಗುವ ಮನುಷ್ಯನೂ ಇರಬಹುದು ಎಂದು ಇವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹನ್ನೊಂದು ಸಾವಿರ ಕರೆಯಲ್ಲಿ ಒಂಟಿ ಕರೆ ಒಂದೂ ಇರಲಿಲ್ಲ. ಮೊದಲ ಒಂಟಿ ಕರೆ ಹಣಮೇಶನದು.

ಕಂಪನಿ ಒಂದು ವಾರದಲ್ಲಿ ದೇವಾಪುರಕ್ಕೆ ಕಾಗದ ಕಳಿಸಿತು. ಸಂತಾಪವೆಲ್ಲ ಆದ ಮೇಲೆ ನಡುವಿನಲ್ಲೊಂದು ಮಾತು: ಮೃತರಿಂದ ಯಾವುದೇ ಮಾನ್ಯ ಕರೆ ಬಂದಿರುವುದಿಲ್ಲ. ಮಾನ್ಯ ಕರೆ! ಎರಡು ಸಲ ಕರೆದರೆ ಮಾತ್ರ ಕರೆ, ಒಂದು ಸಲ ಕರೆದು ಸತ್ತವನು ಕರೆದೇ ಇಲ್ಲ. ಕಂಪನಿಯೊಳಗೆ ತನಿಖೆ ನಡೆಯಿತು. ಅದರ ನಾಲ್ಕನೇ ಪುಟದಲ್ಲಿ, ಮಾನ್ಯ ಕರೆಯ ನಿಯಮವನ್ನು ರೂಪಿಸಿದವರು ಪಂಚಶೀಲಾ ಅಂಬ್ರಪ್ಪ ಎಂದು ಬರೆದಿದ್ದಾರೆ. ಹೊಗಳಿಕೆಯ ಫಲಕದಲ್ಲಿ ಮೂವರು, ದೂಷಣೆಯ ಕಾಗದದಲ್ಲಿ ಒಬ್ಬಳೇ. ಹನ್ನೊಂದು ವರ್ಷದ ದುಡಿಮೆಯಲ್ಲಿ ಆಕೆಯ ಹೆಸರು ಅಚ್ಚಾದದ್ದು ಅಲ್ಲೊಂದೇ ಕಡೆ. ಆ ಮೇಲೆ ಕೋಡು ಮುಟ್ಟಬಾರದು ಎಂದು ಆದೇಶವಾಯಿತು. ಕೆಲಸದಿಂದ ತೆಗೆಯಲಿಲ್ಲ. ಈ ಗುಡ್ಡ ಹತ್ತಲು ಆಳು ಸುಲಭಕ್ಕೆ ಸಿಗುವುದಿಲ್ಲ.

ಪಂಚಶೀಲಾ ಕಾಗದ ಬರುವುದಕ್ಕೆ ಮೊದಲೇ, ಮೂರನೇ ದಿನವೇ, ದೇವಾಪುರಕ್ಕೆ ಹೋಗಿದ್ದರು. ಹೋಗಬೇಡ, ಬಡಿದಾರು ಎಂದು ಶರೀಫಾಬೀ ಸೆರಗು ಹಿಡಿದು ಜಗ್ಗಿದ್ದರಂತೆ. ಕಟ್ಟೆಯ ಮೇಲೆ ಕುಳಿತ ಮಂದಿಯ ಎದುರಿಗೇ ಎಲ್ಲ ಹೇಳಿದರು: ಅವನು ಕರೆದಿದ್ದ, ನಾನು ಬರೆದ ನಿಯಮ ಓಗೊಡಲಿಲ್ಲ. ಅಮಾತೆಪ್ಪ ಎದ್ದು ಒಳಗೆ ಹೋದರು. ಮಲ್ಲಾಬಾಯಿ, "ಇನ್ನ ನಡೀಯವ್ವ, ನಮ್ಮ ಬಾಗಿಲದಾಗ ನಿಂದರಬ್ಯಾಡ," ಎಂದರು. ಅಂಜನಾ ಮಾತ್ರ ಕೂಸನ್ನು ಎತ್ತಿಕೊಂಡು ಅಂಗಳದ ತನಕ ಬಂದು ಒಂದೇ ಪ್ರಶ್ನೆ ಕೇಳಿದರು.

"ಅಂವ ಖರೇನ ಕರದಿದ್ನೇನ್ರಿ?"

ಕರೆದಿದ್ದ ಎಂದು ಪಂಚಶೀಲಾ ಮತ್ತೊಮ್ಮೆ ಹೇಳಿದರು. ಅಂಜನಾ ತಲೆ ಆಡಿಸಿ ಒಳಗೆ ಹೋದರು. ಅಷ್ಟೇ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಂಜನಾ ಶಹಾಪುರದ ಕೋಣೆಯ ಮುಂದೆ ಬಂದು ನಿಂತಿದ್ದರು. ಕೈಯಲ್ಲಿ ಕಂಪನಿಯ ಕಾಗದ. ಅಂವ ಕೂತ ಜಾಗ ತೋರಿಸ್ರಿ ಅಂದರು. ಇಬ್ಬರೂ ಹತ್ತಿದರು. ಆ ಬಂಡೆಯ ಕೆಳಗೆ ಅಂಜನಾ ತುಂಬ ಹೊತ್ತು ಕುಳಿತರಂತೆ. ಅತ್ತರೋ ಇಲ್ಲವೋ ಪಂಚಶೀಲಾ ಹೇಳುವುದಿಲ್ಲ. ನಾ ಆ ಕಡಿ ಮಾರಿ ಮಾಡಿ ನಿಂತಿದ್ದೆ ಎನ್ನುತ್ತಾರೆ.

ಆ ದಿನ ಗುಡ್ಡ ಇಳಿಯುವಾಗ ಪಂಚಶೀಲಾಗೆ ಅಜ್ಜಿಯ ಇನ್ನೊಂದು ಅರ್ಧ ನೆನಪಾಯಿತು. ಇಷ್ಟು ವರ್ಷ ಯಾಕೆ ಮರೆತಿತ್ತೋ ಗೊತ್ತಿಲ್ಲ. ಅದನ್ನು ಹೇಳುವಾಗ ಅವರ ದನಿ ಗಡುಸಾಗುತ್ತದೆ, ತಮ್ಮನ್ನೇ ಬೈದುಕೊಳ್ಳುವ ಹಾಗೆ.

"ಆಯಿ ಒಂದ ಕರಿಗೆ ಓ ಅಂತಿರಲಿಲ್ಲ, ಖರೆ. ಆದ್ರ ಮಲಗ್ತಿರಲಿಲ್ಲ ರೀ. ಎದ್ದು ಹೋಗಿ ಕಿಡಕ್ಯಾಗಿಂದ ಹಣಿಕಿ ನೋಡ್ತಿದ್ಲು. ಯಾರರ ಬಿದ್ದಾರೇನು, ಯಾರಿಗರ ದನಿ ಇಲ್ಲೇನು ಅಂತ. ನಾ ಸುಮ್ಮನಿರೋದು ಒಂದ ಕಲ್ತೆ, ಹಣಿಕಿ ನೋಡೋದು ಬಿಟ್ಟೆ. ಅರ್ಧ ಪ್ಯಾಟರ್ನ್ ಇಟ್ಟು ಪೂರಾ ಜಂಪರ್ ಹೊಲದೆ."

ಹನ್ನೆರಡು ಸಾಲು ಹುಟ್ಟಿದ್ದು ಹಾಗೆ. ಅದರಲ್ಲಿ ಎರಡು ಮಾತಿದೆ. ಒಂದು, ಕರೆಯುವವನು ಗುಂಡಿಯನ್ನು ಒಂದು ಸಲ ಒತ್ತಿದರೆ ಸಾಕು. ಅವನ ಸೆಟ್ಟೇ ಒಂದಷ್ಟು ಬ್ಯಾಟರಿ ತೆಗೆದಿಟ್ಟುಕೊಂಡು ಎರಡನೇ ಕರೆಯನ್ನು ತಾನೇ ಮಾಡಬೇಕು; ಅಂಜನಾ ಡಬ್ಬಿಯ ಬ್ಯಾಟರಿ ಹಿಂಡಿಡುವುದು ಇದನ್ನು ನೋಡಲೆಂದೇ. ಎರಡು, ಅದೂ ತಲುಪದೆ ಒಂದೇ ಕರೆ ಬಂದರೆ ಕೇಳಿದ ಸೆಟ್ಟು ಗಾಳಿಯಲ್ಲಿ ಓ ಅನ್ನದಿದ್ದರೂ, ಪಕ್ಕದಲ್ಲಿ ಕೂತ ಮನುಷ್ಯನಿಗೆ ಪೀ ಎಂದು ಹೇಳಬೇಕು: ಯಾರೋ ಒಂದು ಸಲ ಕರೆದರು, ಹಣಿಕಿ ನೋಡು. ಬ್ಯಾಟರಿಗೆ ಹೆಚ್ಚಿನ ಭಾರವಿಲ್ಲ, ಜಾಗವೂ ಬಯಲಾಗುವುದಿಲ್ಲ. ಕಂಪನಿಯ ಸೆಟ್ಟು ಮುಟ್ಟುವಂತಿಲ್ಲವಾದ್ದರಿಂದ ಪಂಚಶೀಲಾ ಚಾಂದಪಾಶಾ ಅಂಗಡಿಯ ಮೇಜಿನ ಮೇಲೆ ಈ ಎರಡು ಡಬ್ಬಿ ಕಟ್ಟಿದರು. ಆ ಬಂಡೆಯಿಂದ ಒಂದೇ ಸಲ ಒತ್ತಿ ನೋಡುವ ಆಳು ಬೇಕಿತ್ತು. ಎರಡು ಸಲ ಕರೆಯುವ ರೂಢಿಯವರನ್ನು ನಂಬುವಂತಿರಲಿಲ್ಲ, ಅರಿವಿಲ್ಲದೆ ಬೆರಳು ಮತ್ತೆ ಒತ್ತಿಬಿಡುತ್ತದೆ.

"ನಾ ಒತ್ತತೀನಿ," ಎಂದರು ಅಂಜನಾ. "ಅಂವ ಹ್ಯಾಂಗ ಒತ್ತಿದ್ನೋ ಹಂಗ. ನನ್ನ ಬಳ್ಳು ಎರಡನೇ ಸಲ ಏಳಂಗಿಲ್ಲ."

ಡಿಸೆಂಬರಿನಿಂದ ಅಂಜನಾ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ವಾರಕ್ಕೆ ಆರು ದಿನ ಮೊದಲ ಬಸ್ಸಿಗೆ ಬರುತ್ತಾರೆ. ಎಂಟಕ್ಕೆ ಇಳಿದು ಹತ್ತಿ ಬಿಡಿಸಲು ಹೋಗುತ್ತಾರೆ. ಮಲ್ಲಾಬಾಯಿ ಇವತ್ತಿಗೂ ಪಂಚಶೀಲಾ ಜೊತೆ ಮಾತಾಡುವುದಿಲ್ಲ. ಆದರೆ ಸೊಸೆಯ ಕೈಚೀಲದಲ್ಲಿ ದಿನಾ ಎರಡು ರೊಟ್ಟಿ ಹೆಚ್ಚಿಗೆ ಇರುತ್ತವೆ.

ನಿನ್ನೆಯವರೆಗಿನ ಎಪ್ಪತ್ತೊಂಬತ್ತು ದಿನದ ಎಲ್ಲ ಗೆರೆಗಳನ್ನೂ ಪಂಚಶೀಲಾ ತಮ್ಮ ಹನ್ನೊಂದು ಪತ್ರಗಳಲ್ಲಿ ಕಂಪನಿಗೆ ಕಳಿಸಿದ್ದಾರೆ. ಕಂಪನಿಯವರು ಓದಿದ್ದಾರೆ ಎನ್ನುವುದಕ್ಕೆ ಕಂಪ್ಯೂಟರಿನಲ್ಲಿ ಗುರುತಿದೆ. ಕೇಳಿಯೂ ಸುಮ್ಮನಿರುವ ನಾಲ್ಕನೇ ಸ್ಥಿತಿಯನ್ನು ಸೆಟ್ಟಿಗಿಂತ ಚೆನ್ನಾಗಿ ಕಲಿತವರು ಅವರೇ ಇರಬೇಕು. ಈ ಲೇಖನಕ್ಕಾಗಿ ಕೇಳಿದಾಗ, ತನಿಖೆ ಮುಗಿದಿದೆ ಎಂದಷ್ಟೇ ಹೇಳಿ ಅಧಿಕಾರಿಯೊಬ್ಬರು ಫೋನ್ ಇಟ್ಟರು.

ಆರೂ ಮೂವತ್ತೊಂಬತ್ತಕ್ಕೆ ಕೊನೆಯ ಪೀ. ನಲವತ್ತಕ್ಕೆ ನಲವತ್ತು. ಪಂಚಶೀಲಾ ನೋಟ್‌ಬುಕ್ಕಿನಲ್ಲಿ ಮಾಡಿದ ಒಟ್ಟು ಕರೆ ಮೂರು ಸಾವಿರದ ಇನ್ನೂರು ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದು ಹನ್ನೆರಡನೇ ಪತ್ರ ಕಳಿಸುತ್ತಾರೆ. ಬಿಸಿಲು ಬಂಡೆಗೆ ತಾಕಿದೆ. ಕೆಳಗಿನ ದಾರಿಯಲ್ಲಿ ಕುರಿಯವರೊಬ್ಬರು ಹಿಂಡು ಮೇಯಿಸುತ್ತಿದ್ದಾರೆ. ಅಂಜನಾ ಇಳಿದು ಬರಲು ಇನ್ನೂ ಒಂದು ತಾಸು ಬೇಕು.

ಫಲಕದಲ್ಲಿ ಹೆಸರು ಬೇಕೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಫಲಕ ತಗೊಂಡು ಏನ್ ಮಾಡ್ಲಿ? ದೇವಾಪುರಕ್ಕ ಒಂದ ಕಾಗದ ಹೋಗಬೇಕು. ಅಂವ ಕರದಿದ್ದ, ನಮಗ ಕೇಳಿತ್ತು ಅಂತ ಬರದು. ನಾಳಿ ಆ ಕೂಸು ದೊಡ್ಡಾಕಿ ಆಗಿ ಓದ್ತಾಳಲ್ರಿ. ನಮ್ಮಪ್ಪ ಕರೀಲೇ ಇಲ್ಲ ಅಂತ ಓದಬಾರದು."

ಹಾಗೆ ಹೇಳುತ್ತಿರುವಾಗಲೇ ಮೊ‌ಬೈಲು ಅದುರುತ್ತದೆ. ಹನ್ನೆರಡು ಪತ್ರಕ್ಕೆ ಮೊದಲ ಉತ್ತರ. ಅವರು ಓದುತ್ತಾರೆ, ಇನ್ನೊಮ್ಮೆ ಓದುತ್ತಾರೆ, ಆಮೇಲೆ ಮೊಬೈಲನ್ನೇ ಮುಂದೆ ಚಾಚುತ್ತಾರೆ. ಎರಡು ವಾಕ್ಯ ಇದೆ. ಸಾಫ್ಟ್‌ವೇರನ್ನು ಈಗಿರುವ ರೂಪದಲ್ಲೇ ಅಂತಿಮಗೊಳಿಸಲಾಗಿದೆ. ತುರ್ತು ಸಂದರ್ಭದಲ್ಲಿ ಕರೆ ಗುಂಡಿಯನ್ನು ತಪ್ಪದೆ ಎರಡು ಸಲ ಒತ್ತಬೇಕೆಂದು ಕೈಪಿಡಿಯ ಮೂವತ್ತೇಳನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಲಾಗುವುದು.

"ಎರಡು ಸಲ ಒತ್ತಬೇಕಂತ ಹಣಮೇಶಗೂ ಗೊತ್ತಿತ್ತಲ್ರಿ," ಎನ್ನುತ್ತಾರೆ ಪಂಚಶೀಲಾ. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ ಕೇಳುವವರಂತೆ. "ಅವನಗಿಂತ ಚೊಲೋ ಯಾರಿಗ್ ಗೊತ್ತಿತ್ತು?"

ಸಂಜೆ ಐದರವರೆಗೂ ಕಾಯಬೇಕಾಗಲಿಲ್ಲ. ಬೆಳಿಗ್ಗೆ ಏಳಕ್ಕೇ ಬೀಗ ಬಿತ್ತು. ಸಾವಿರಾರು ಸೆಟ್ಟುಗಳು ಒಂಟಿ ಕರೆಗೆ ಸುಮ್ಮನಿರುವುದನ್ನು ಕಲಿತು ಹೊರಡಲಿವೆ. ಯಾವ ಗುಡ್ಡದಲ್ಲಿ ಯಾರಿಗೆ ಎರಡನೇ ಸಲ ಬೆರಳು ಏಳುವುದಿಲ್ಲವೋ ಹೇಳಬಲ್ಲವರು ಯಾರು? ಪಂಚಶೀಲಾ ಡಬ್ಬಿಯ ಮುಚ್ಚಳ ಹಾಕುತ್ತಾರೆ. ತೆಗೆಯುತ್ತಾರೆ. ಮತ್ತೆ ಹಾಕುತ್ತಾರೆ. ಒಂಬತ್ತಕ್ಕೆ ಕಂಪನಿಯ ಸೆಟ್ಟು ಹೊತ್ತು ಇದೇ ಗುಡ್ಡ ಹತ್ತಬೇಕು. ಅದಕ್ಕೆ ಮೊದಲು ಅಂಜನಾಗೆ ಇದನ್ನು ಹೇಳಬೇಕು. ಹೇಗೆ ಹೇಳುವುದೆಂದು ತಿಳಿಯದೆ ನೋಟ್‌ಬುಕ್ಕಿನ ಹೊಸ ಪುಟ ತೆರೆದು ಸುಮ್ಮನೆ ಎಂಬತ್ತೊಂದು ಎಂದು ಬರೆಯುತ್ತಾರೆ.

ಮೇ ತಿಂಗಳಿನಿಂದ ಪಂಚಶೀಲಾಗೆ ಒಂದು ಚಾಳಿ ಅಂಟಿದೆ ಎಂದು ಹಿಂದಿನ ದಿನ ಶರೀಫಾಬೀ ದೂರಿದ್ದರು. "ಹೊತ್ತು ಮುಳುಗಿದ ಮ್ಯಾಲೂ ಒಂದ ಸಲಕ್ಕ ಓ ಅಂತಾಳ ನೋಡ್ರಿ. ಬ್ಯಾಡ ಬೇಟಿ ಅಂದ್ರ ಕೇಳಂಗಿಲ್ಲ. ಯಾರ್ ಕರದ್ರೂ, ಎಲ್ಲಿಂದ ಕರದ್ರೂ ಓಡ್ತಾಳ."

ಏಳೂ ಐವತ್ತು. ಮೇಲೆ ಎಲ್ಲೋ ಬಂಡೆಗಳ ಮರೆಯಲ್ಲಿ ಒಂದು ಕಲ್ಲು ಉರುಳುತ್ತದೆ. ಬರುವವರು ಇನ್ನೂ ಕಾಣುವುದಿಲ್ಲ. "ಅಕ್ಕಾ..." ಎಂದು ಅಂಜನಾ ಕರೆಯುತ್ತಾರೆ. ಒಂದು ಸಲ, ಅಷ್ಟೇ.

"ಓ!" ಎನ್ನುತ್ತಾರೆ ಪಂಚಶೀಲಾ, ಎದ್ದು ನಿಂತು, ಕೆಳದಾರಿಯ ಕುರಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.